ಮೊದಲ ಬಾಡಿಗೆದಾರನಿಗೆ ಕೊಟ್ಟ ಜಾಗ

ಸಭೆಯ ಅಧ್ಯಕ್ಷತೆ ವಹಿಸಿರುವ ಪುರಸಭೆಯ ಮುಖ್ಯಸ್ಥೆ, ಮಾನ್ಯ ಪ್ರೊವೊಸ್ಟ್ ಶ್ರೀಮತಿ ಲಾರ್ನಾ ಬೈರ್ಸ್ ಅವರೇ, ಪೂಜ್ಯ ಪಾದ್ರಿ ಗಿಲ್ಲೀಸ್ ಅವರೇ, ಪುರಸಭೆಯ ಸದಸ್ಯರೇ, ಭಾಷಣ ಬೇಗ ಮುಗಿದರೆ ಚಹಾ ಬಿಸಿಯಾಗಿ ಸಿಗುತ್ತದೆಂದು ಕಾದು ಕುಳಿತಿರುವ ಡ್ರಮ್‌ಫರ್ನಿನ ಸಭಿಕರೇ,

ಈ ಊರಿಗೆ ಅರವತ್ತು ತುಂಬಿತು. ನನಗೆ ಎಂಬತ್ತನಾಲ್ಕು. ಇಬ್ಬರಲ್ಲಿ ಯಾರ ಗೋಡೆ ಹೆಚ್ಚು ಬಿರುಕು ಬಿಟ್ಟಿದೆ ಎಂಬುದನ್ನು ನೀವೇ ನೋಡಿ ಹೇಳಬೇಕು.

ಈಗ ತಾನೇ ಪ್ರೊವೊಸ್ಟ್ ಅವರು ನನಗೆ ಶಾಲು ಹೊದಿಸಿದರು. ಕೊನೆಗೂ ನಮ್ಮ ಊರಿಗೆ ಸ್ವಂತ ಸ್ಮಶಾನವಾಗಿದೆ, ಅದರಲ್ಲಿ ಅಕ್ಕಪಕ್ಕದ ಮೊದಲ ಎರಡು ಜಾಗಗಳನ್ನು ಊರಿನ ಮೊದಲ ಬಾಡಿಗೆದಾರ ಡೂಗಲ್ ರೆನ್ನಿಗೂ ಅವನ ಹೆಂಡತಿ ನೆಟ್ಟಾಳಿಗೂ ಉಚಿತವಾಗಿ ಕೊಟ್ಟಿದ್ದೇವೆ ಎಂದು ಘೋಷಿಸಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಆಮೇಲೆ, ಯಾವುದಕ್ಕೆ ತಟ್ಟಿದೆವು ಎಂದು ಹೊಳೆದು ಅರ್ಧಕ್ಕೇ ನಿಲ್ಲಿಸಿದಿರಿ. ಸಂಕೋಚ ಬೇಡ. ಸನ್ಮಾನಕ್ಕೆ ಹೂವಿನ ಹಾರ ಪಡೆದವರಿದ್ದಾರೆ, ಕೈಗಡಿಯಾರ ಪಡೆದವರಿದ್ದಾರೆ. ಆರಡಿ ಮೂರಡಿ ಜಾಗ ಪಡೆದವನು ಬಹುಶಃ ನಾನೊಬ್ಬನೇ.

ಈ ಕಾಣಿಕೆಯನ್ನು ಸ್ವೀಕರಿಸಲೇ, ಬೇಡವೇ? ಪುರಸಭೆಯವರು ಮನೆಗೆ ಬಂದು ವಿಷಯ ತಿಳಿಸಿ ಮೂರು ವಾರವಾಯಿತು. ನಾನಿನ್ನೂ ಉತ್ತರ ಕೊಟ್ಟಿಲ್ಲ. ಅದನ್ನು ಹೇಳಲೆಂದೇ ನಿಂತಿದ್ದೇನೆ.

ಗ್ಲಾಸ್ಗೋದ ಇಕ್ಕಟ್ಟಿನಿಂದ ಜನರನ್ನು ತರಲೆಂದು ಬರೀ ಬಯಲಲ್ಲಿ ನಮ್ಮ ಊರನ್ನು ಕಟ್ಟಿದ ಸರ್ಕಾರದವರಿಗೆ ‘ಮೊದಲು’ ಎಂಬ ಮಾತಿನ ಮೇಲೆ ಬಹಳ ಪ್ರೀತಿ. ಮೊದಲ ಮನೆಯ ಬೀಗದ ಕೈ ಕೊಡುವಾಗ ನನ್ನದೂ ನೆಟ್ಟಾಳದೂ ಫೋಟೋ ತೆಗೆದರು. ಆಗ ಅವಳು ಆರು ತಿಂಗಳ ಬಸುರಿ, ಹೊಟ್ಟೆ ಕಾಣಬಾರದೆಂದು ನನ್ನ ಕೋಟು ಹಾಕಿಕೊಂಡಿದ್ದಳು. ಗ್ಲಾಸ್ಗೋದಲ್ಲಿ ನಮ್ಮದು ಒಂದೇ ಕೋಣೆ, ಮೆಟ್ಟಿಲ ತಿರುವಿನಲ್ಲಿ ನಾಲ್ಕು ಸಂಸಾರಕ್ಕೆ ಒಂದು ಕಕ್ಕಸು. ಇಲ್ಲಿ ಬಂದರೆ ಬಿಸಿನೀರು, ಬಚ್ಚಲು, ಹಿತ್ತಲು! ನೆಟ್ಟಾ ಮೊದಲ ದಿನವೇ ಎರಡು ಸಲ ಸ್ನಾನ ಮಾಡಿದಳು. “ಮೂರನೇ ಸಲಾನೂ ಮಾಡ್ತೀನಿ, ನೀನ್ಯಾರು ಕೇಳೋಕೆ? ನನ್ನ ಬಚ್ಚಲು!” ಎಂದು ಬಾಗಿಲು ಹಾಕಿಕೊಂಡಳು.

ಊರೆಂದರೆ ಆಗ ಬರೀ ಕೆಸರು. ಹೆಂಗಸರು ರಬ್ಬರ್ ಬೂಟು ಹಾಕಿಕೊಂಡು ಬಸ್ ನಿಲ್ದಾಣದವರೆಗೆ ಬಂದು, ಬೂಟನ್ನು ಬೇಲಿಯಡಿ ಬಚ್ಚಿಟ್ಟು, ಒಳ್ಳೆಯ ಚಪ್ಪಲಿ ಮೆಟ್ಟಿಕೊಂಡು ಗ್ಲಾಸ್ಗೋಗೆ ಹೋಗುತ್ತಿದ್ದರು. ಸಂಜೆ ಬಂದು ಯಾರ ಬೂಟು ಯಾರದೆಂದು ಜಗಳ. ಆ ಜಗಳದಲ್ಲೇ ಸ್ನೇಹಗಳೂ ಆದವು. ಆಮೇಲೆ ರಸ್ತೆಗಳು ಬಂದವು, ರಸ್ತೆ ದಾಟಲು ಸುರಂಗಗಳು ಬಂದವು, ವೃತ್ತದ ಮೇಲೆ ವೃತ್ತ ಬಂತು. ದೇಶದಲ್ಲೇ ಇಷ್ಟು ಕುರೂಪಿ ಪೇಟೆ ಇನ್ನೊಂದಿಲ್ಲ ಎಂದು ಪತ್ರಿಕೆಯವರು ಬರೆದರು. ಬರೆಯಲಿ. ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ಈ ಊರನ್ನು ಒಂದು ದಿನವೂ ಹಳಿದವನಲ್ಲ.

ಊರಿನ ಮೊದಲ ಮಗುವೂ ನಮ್ಮದೇ. ಐಲ್ಸಾ. ಬೆಳ್ಳಿಯ ಚಮಚ ಕೊಟ್ಟರು, ಮತ್ತೆ ಫೋಟೋ ತೆಗೆದರು. ಅವಳಿಗೆ ಮೂರು ವರ್ಷ ತುಂಬಿದ ಚಳಿಗಾಲದಲ್ಲಿ ಮಿದುಳು ಜ್ವರ ಬಂತು. ಶುಕ್ರವಾರ ಕುಣಿಯುತ್ತಿದ್ದವಳು ಭಾನುವಾರ ಇಲ್ಲ.

ಊರಿನ ಮೊದಲ ಸಾವೂ ನಮ್ಮದೇ ಆಯಿತು. ಅದಕ್ಕೆ ಯಾರೂ ಫೋಟೋ ತೆಗೆಯಲು ಬರಲಿಲ್ಲ.

ನಾನು ಊರು ಕಟ್ಟುವವರ ಕಚೇರಿಗೆ ಹೋಗಿ, ಸ್ಮಶಾನ ಎಲ್ಲಿದೆ ಸ್ವಾಮಿ ಎಂದು ಕೇಳಿದೆ. ಅಲ್ಲಿದ್ದ ಅಧಿಕಾರಿ ನಕ್ಷೆ ಹರಡಿ ಕುಳಿತಿದ್ದ. ನಾನು ಯಾಕೆ ಕೇಳುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ, ಪಾಪ. “ಸ್ಮಶಾನಾನಾ? ಏನ್ರೀ ರೆನ್ನಿ, ಬೆಳಬೆಳಗ್ಗೆ ತಮಾಷೆ ಮಾಡ್ತೀರಾ? ಇಲ್ಲಿರೋರೆಲ್ಲ ಇಪ್ಪತ್ತು, ಇಪ್ಪತ್ತೈದರ ಹುಡುಗ್ರು. ಸಾಯೋಕೆ ಯಾರಿಗಿದೆ ಪುರುಸೊತ್ತು?” ಎಂದು ನಕ್ಕ. ನಕ್ಷೆಯಲ್ಲಿ ಎಂಟು ಶಾಲೆ ಇದ್ದವು, ಈಜುಕೊಳ ಇತ್ತು, ತಳ್ಳುಗಾಡಿಯಲ್ಲಿ ಕೂಸನ್ನು ಕೂರಿಸಿಕೊಂಡು ಇಳಿಯಲು ಎಲ್ಲೆಲ್ಲೂ ಇಳಿಜಾರು ದಾರಿ ಇತ್ತು. ಕೂಸನ್ನು ಇಳಿಸಲು ಒಂದು ತುಂಡು ನೆಲ ಇರಲಿಲ್ಲ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಇವತ್ತಿಗೂ ಇಲ್ಲ. ಮನೆಯ ಬೀಗದ ಕೈ ಪಡೆದ ದಿನ ನಾನೂ ಸ್ಮಶಾನ ಎಲ್ಲಿ ಎಂದು ಕೇಳಿರಲಿಲ್ಲವಲ್ಲ?

ಹಾಗಾಗಿ ಮಗುವನ್ನು ಗ್ಲಾಸ್ಗೋಗೇ ಒಯ್ದೆವು. ಅಲ್ಲಿ ನನ್ನ ಅಮ್ಮ ಮಲಗಿದ್ದ ಜಾಗವಿತ್ತು. ಅಪ್ಪ ಯುದ್ಧದಲ್ಲಿ ಸಮುದ್ರದ ಪಾಲಾಗಿದ್ದರಿಂದ ಅಮ್ಮ ಒಬ್ಬಳೇ ಇದ್ದಳು. ಒಂದು ಗುಂಡಿಯಲ್ಲಿ ಒಬ್ಬರ ಮೇಲೊಬ್ಬರಂತೆ ಮೂವರಿಗೆ ಅವಕಾಶ. ಅಮ್ಮನ ಮೇಲೆ ಐಲ್ಸಾಳನ್ನು ಇಳಿಸಿದೆ. ದೊಡ್ಡವರ ಪೆಟ್ಟಿಗೆಯಾದರೆ ಎಂಟು ಜನ ಹಗ್ಗ ಹಿಡಿಯುವುದು ವಾಡಿಕೆ. ಅವಳದಕ್ಕೆ ಇಬ್ಬರು ಸಾಕಾಯಿತು.

ನೆಟ್ಟಾ ಅಲ್ಲಿರಲಿಲ್ಲ. ಇಲ್ಲಿರುವ ಕಿರಿಯರಿಗೆ ಇದು ವಿಚಿತ್ರವೆನಿಸಬಹುದು. ಆಗೆಲ್ಲ ನಮ್ಮವರಲ್ಲಿ ಹೆಂಗಸರು ಗುಂಡಿಯ ಹತ್ತಿರ ಬರುತ್ತಿರಲಿಲ್ಲ. ಗಂಡಸರು ಮಣ್ಣಿಗೆ ಹೋದರೆ ಹೆಂಗಸರು ಮನೆಯಲ್ಲಿ ಊಟಕ್ಕೆ ಅಣಿಮಾಡಬೇಕು. ನಾನು ವಾಪಸು ಬಂದಾಗ ಅವಳು ತನ್ನ ತಾಯಿಯ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತಿದ್ದಳು. ತಿರುಗಿ ನೋಡದೆ ಕೇಳಿದಳು: “ಮುಖ ಯಾವ ಕಡೆ ಮಾಡಿ ಇಟ್ರಿ?” ನಾನು ಟೋಪಿ ತೆಗೆದು ಮೇಜಿನ ಮೇಲಿಟ್ಟೆ. “ನೀನು ಹೋಗಿ ಕಳಿಸಿ ಬಂದೆ ಡೂಗಲ್. ನಾನು ಇಲ್ಲಿ ಬಟಾಣಿ ಬೇಯಿಸ್ತಾ ಇದ್ದೆ,” ಎಂದಳು.

ಅಂದಿನಿಂದ ಪ್ರತಿ ಭಾನುವಾರ ಅವಳು ಗ್ಲಾಸ್ಗೋಗೆ ಹೋಗಿಬರುತ್ತಾಳೆ. ನೀವು ಬಸ್ಸಿನಲ್ಲಿ ಅವಳನ್ನು ಕಂಡಿದ್ದೀರಿ, ಅಕ್ಕನ ಮನೆಗೆ ಹೋಗುತ್ತಾಳೆ ಅಂದುಕೊಂಡಿದ್ದೀರಿ. ಅವಳಿಗೆ ಅಕ್ಕ ಇಲ್ಲ. ನಮಗೆ ಮತ್ತೆ ಮಕ್ಕಳೂ ಆಗಲಿಲ್ಲ.

ಸಭಿಕರೇ, ಲೆಕ್ಕ ನಿಮಗೂ ತಿಳಿದಿರಬೇಕು. ಮೂವರ ಜಾಗದಲ್ಲಿ ಇಬ್ಬರಿದ್ದಾರೆ. ಉಳಿದದ್ದು ಒಂದು. ನಾವು ಇಬ್ಬರು.

ನೀವೆಲ್ಲ ನಮ್ಮನ್ನು ಎಷ್ಟು ಹೊಗಳಿದ್ದೀರಿ! ಈ ವಯಸ್ಸಿನಲ್ಲೂ ರೆನ್ನಿ ದಂಪತಿ ಎಷ್ಟು ಗಟ್ಟಿಮುಟ್ಟು, ದಿನಾ ಗಂಜಿ, ದಿನಾ ನಡಿಗೆ, ಸಿಗರೇಟು ಬಿಟ್ಟು ಎಷ್ಟು ವರ್ಷವಾಯಿತು ಎಂದು. ಗುಟ್ಟೇನು ಎಂದು ವೈದ್ಯರೂ ಕೇಳಿದರು. ಇದೇ ಗುಟ್ಟು. ಮೊದಲು ಹೋದವರಿಗೆ ಆ ಜಾಗ. ಅವಳಿಗಿಂತ ಮೊದಲು ಹೋಗಿ ಅದನ್ನು ನಾನು ಕಿತ್ತುಕೊಳ್ಳಬಾರದು. ನನಗಿಂತ ಮೊದಲು ಹೋಗಿ ಕಿತ್ತುಕೊಳ್ಳಬಾರದೆಂದು ಅವಳೂ ಅಂದುಕೊಂಡಿದ್ದಾಳೆ. ನನಗೆ ಕೆಮ್ಮು ಬಂದರೆ ಅವಳು ನನಗೆ ಔಷಧಿ ಕುಡಿಸಿ, ತಾನೂ ಒಂದು ಚಮಚ ಕುಡಿಯುತ್ತಾಳೆ.

ಬೇರೆ ಜಾಗ ಕೊಳ್ಳಬಹುದಿತ್ತಲ್ಲ ಎನ್ನುತ್ತೀರಾ? ಕೊಳ್ಳಬೇಕಾದರೆ ಮೊದಲು ಮಾತಾಡಬೇಕು. ಅಲ್ಲಿ ನನಗೆ ಬೇಡ ಎಂದು ನಾನು ಹೇಳಿದರೆ, “ಮಗಳ ಹತ್ರ ನಿಂಗೆ ಬೇಡ್ವಾ?” ಎಂದು ಅವಳು ಕೇಳುತ್ತಾಳೆ. ಬೇಕು. ತುಂಬ ಬೇಕು. ಅದಕ್ಕೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಪುರಸಭೆಯವರು ಬಂದುಹೋದ ಮೇಲೆ ನೆಟ್ಟಾ ಕಪ್ಪುಗಳನ್ನು ತೊಳೆಯುತ್ತ, “ಆ ಜಾಗ ನಂಗೊತ್ತು. ಜೇಡಿಮಣ್ಣು. ನೀರು ನಿಲ್ಲತ್ತೆ,” ಎಂದಳು. ಅಷ್ಟೇ. ಇಬ್ಬರೂ ಇಲ್ಲೇ ಒಟ್ಟಿಗೆ ಇರೋಣ ಎಂದು ನಾನು ಕೇಳಿದ್ದರೆ ಅವಳು ಒಪ್ಪುತ್ತಿದ್ದಳು. ಅರವತ್ತು ವರ್ಷ ಗಂಡನ ಮಾತಿಗೆ ಎದುರಾಡುತ್ತಲೇ ಕೊನೆಗೆ ಎಲ್ಲಕ್ಕೂ ಒಪ್ಪಿದವಳು ಅವಳು. ಅದಕ್ಕೇ ಕೇಳಲಿಲ್ಲ.

ಪ್ರೊವೊಸ್ಟ್ ಅವರೇ, ನಿಮ್ಮ ಕಾಣಿಕೆಯನ್ನು ಸಂತೋಷದಿಂದ ಸ್ವೀಕರಿಸಿದ್ದೇನೆ. ಆದರೆ ಇಬ್ಬರಿಗೆ ಎಂದಿರುವುದನ್ನು ಒಬ್ಬನಿಗೆ ಎಂದು ತಿದ್ದಿಸಿಕೊಡಿ. ಇನ್ನೊಂದು ಜಾಗವನ್ನು ಯಾರಾದರೂ ಅವಸರದಲ್ಲಿರುವವರಿಗೆ ಕೊಡಿ. ಪಕ್ಕದಲ್ಲಿ ಹರಟುವವರಿದ್ದರೆ ನನಗೂ ಹೊತ್ತು ಹೋಗುತ್ತದೆ.

ನೆಟ್ಟಾ, ಇದನ್ನು ಮನೆಯಲ್ಲೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಇಲ್ಲಾದರೆ ಇಷ್ಟು ಜನರ ಎದುರು ನೀನು ಜಗಳ ತೆಗೆಯುವಂತಿಲ್ಲ. ಹಾಗೆ ತಲೆ ಅಲ್ಲಾಡಿಸಬೇಡ. ಗ್ಲಾಸ್ಗೋದ ಜಾಗ ನಿನ್ನದು. ಅವಳನ್ನು ಕಳಿಸುವಾಗ ನಾನು ಜೊತೆಗಿದ್ದೆ. ಇನ್ನು ಮುಂದೆ ನೀನಿರು.

ನೆರೆಹೊರೆಯವರೇ, ನಿನ್ನೆಯವರೆಗೆ ನಾನು ಇವಳಿಗಿಂತ ಮೊದಲು ಸಾಯುವಂತಿರಲಿಲ್ಲ. ಇನ್ನು ಸಾಯಬಹುದು. ಇಷ್ಟು ಹೊತ್ತು ಒಬ್ಬ ಮುದುಕನ ಮಾತು ಕೇಳಿದ ನಿಮಗೆಲ್ಲ ಧನ್ಯವಾದಗಳು. ನಮಸ್ಕಾರ.