ಸವೆದ ಕೊಕ್ಕೆ

ಹಳೆಯ ಗಾಡಿ ಮಾರುವ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದೆ. ನನ್ನ ಮುಂದೆ ಅಕ್ಕ, ತಮ್ಮ. ಭಾನುವಾರದ ರೇಸಿಗೆ ಅಕ್ಕನ ಕಾರನ್ನು ಎಳೆದೊಯ್ಯಲು ಅವರಿಗೊಂದು ಪಿಕಪ್ ಬೇಕಿತ್ತು.

"ಅಕ್ಕಾ, ಆ ಕೆಂಪು ಗಾಡೀನೇ ತಗೊಳ್ಳೋಣ! ಹಿಂದೆ ಕೊಕ್ಕೆನೂ ಇದೆ."

"ಮುಟ್ಟಿ ನೋಡಿದ್ಯಾ? ಎಳೆದೂ ಎಳೆದೂ ಅರ್ಧ ಸವೆದಿದೆ. ಕಬ್ಬಿಣಾನೇ ಹೀಗಾದ್ರೆ ಗೇರ್‌ಬಾಕ್ಸ್ ಗತಿ ಏನೋ?"

"ಬಿಳೀದಕ್ಕೆ ಕೊಕ್ಕೆನೇ ಇಲ್ವಲ್ಲ!"

"ಅದಕ್ಕೇ ಅದು ಬೇಕು, ಏನನ್ನೂ ಎಳೆದಿಲ್ಲ. ಎಂಜಿನ್ ಎರಡಕ್ಕೂ ಒಂದೇ. ಹಿಂದಿನ ಮೂಲೇಲೆಲ್ಲ ಹತ್ತಿ ಸಿಕ್ಕಿಕೊಂಡಿದೆ. ಇಷ್ಟು ವರ್ಷ ಬರೀ ಹಾಸಿಗೆ, ದಿಂಬು ಹೊತ್ತಿರೋ ಗಾಡಿ!"

"ಕೊಕ್ಕೆ?"

"ನಿಮ್ಮ ಭಾವ ವೆಲ್ಡಿಂಗ್ ಕಲಿತಿರೋದು ಯಾಕೆ? ನನ್ನ ಬಾಯಿಗೆ ಬೆಸುಗೆ ಹಾಕೋಕಾ?"

"ಈ ಸಲ ಗೆಲ್ತೀಯಾ?"

"ಹೋದ ಸಲ ಕಾರನ್ನ ಓಡಿಸ್ಕೊಂಡೇ ಹೋದೆ, ಮೈದಾನದ ಗೇಟಲ್ಲೇ ಕೆಟ್ಟು ನಿಂತ್ಬಿಡ್ತು. ಈ ಸಲ ಒಳಗೊಂದು ಹೋಗಲಿ, ಆಮೇಲೆ ನೋಡ್ಕೋ ನಿಮ್ಮಕ್ಕನ್ನ!"

ಅಂಗಡಿಯವನು ಕರೆದ. ಅಕ್ಕ ಬಿಳಿ ಗಾಡಿಯತ್ತ ಓಡಿದಳು. ತಮ್ಮ ಕೆಂಪು ಗಾಡಿಯನ್ನು ಒಮ್ಮೆ ತಿರುಗಿ ನೋಡಿ, ಅವಳ ಹಿಂದೆಯೇ ಓಡಿದ.