ಬಾರ್ಟ್ಲಿಯ ಕೈ ಹಿಡಿದ ಸಂಜೆ

…ಬೇಡ, ಬೇಡ ಅಂದ್ನಲ್ಲ ಸಬೀನಾ! ಆ ಮುಳ್ಳು ರೆಕಾರ್ಡಿನ ಮೇಲೆ ಇಡಬೇಡ. ಮೊದಲು ಊಟ ಆಗಲಿ, ಆಲೂಗಡ್ಡೆ ಆರಿ ತಣ್ಣಗಾಗತ್ತೆ. ಈಗಷ್ಟೇ ಇಗರ್ಜಿಯಿಂದ ಬಂದಿದ್ದೀವಿ. ಭಾನುವಾರ ಮಧ್ಯಾಹ್ನ ಯಾರಾದ್ರೂ ಹೊಟ್ಟೆಗೆ ಹಾಕೋ ಮುಂಚೆ ಕಿವಿಗೆ ಹಾಕ್ತಾರಾ? ಯಾಕೆ ನಗ್ತೀಯ? ಕೈ ಅಡ್ಡ ಇಟ್ಟೆ ಅಂತಾನಾ? ಎಂಬತ್ತೊಂದು ವರ್ಷದ ಕೈ ಇದು. ಇದೇ ಕೈಯಲ್ಲಿ ದೊಡ್ಡ ಶಾರ್ಕಿನ ಬಾಲ ಹಿಡ್ಕೊಂಡು ಅರಾನ್ ದ್ವೀಪದ ತನಕ… ಏನು? ಹೋದ ಸಲ ಕ್ಲೇರ್ ತನಕ ಅಂದಿದ್ನಾ? ಮೀನು ದಾರಿ ತಪ್ಪಿತ್ತು ಮಾರಾಯ್ತಿ, ನಾನೇನು ಮಾಡಲಿ!

ನಿನ್ನ ಮಗಳು ಸೋರ್ಚಾಗೆ ಗಾಲ್ವೇ ಪೇಟೆಯಿಂದ ಕಳಿಸೋಕೆ ಈ ಹೊಸ ರೆಕಾರ್ಡು ಬಿಟ್ಟು ಬೇರೆ ಏನೂ ಸಿಗಲಿಲ್ವಾ? ಒಂದು ಡಬ್ಬಿ ಬಿಸ್ಕತ್ತು, ಒಂದು ಶಾಲು… ಹಳೇ ರೆಕಾರ್ಡು ಇಲ್ವಾ ನಮ್ಮ ಹತ್ರ? "ನಾ ಫ್ವೀಲಾನ್" ಅನ್ನೋ ತಂಡದ ಹುಡುಗರು ನಮ್ಮೂರ ಹಾಲ್‌ನಲ್ಲಿ, ನಮ್ಮ ಜನರ ಮುಂದೆ ಬಾರಿಸಿ ಹಾಡಿದ್ದು. ಎಂಟೇ ಹಾಡು. ಸಾಕಾಗಿತ್ತು! ಈಗ ಯಾರೋ ಪುಣ್ಯಾತ್ಮರು ಹಳೇ ಟೇಪು ತೊಳೆದು ಬಳಿದು, ಆ ಸಂಜೆ ಪೂರ್ತಿ ಇದರಲ್ಲಿ ಹಾಕಿದ್ದಾರಂತೆ. ಒಂದು ಕೆಮ್ಮೂ ಬಿಟ್ಟಿಲ್ವಂತೆ. ಕೆಮ್ಮು ಕೇಳೋಕೆ ರೆಕಾರ್ಡು ಬೇಕಾ? ನಾನೇ ಕೆಮ್ತೀನಿ, ಕೇಳು.

ಅಲ್ಲ… ನೀನು ಹೇಗೆ ಕೇಳ್ತೀಯ ಅದನ್ನ? ನಿನ್ನ ಗಂಡ ಮುಳುಗಿ ಹೋದ ಸಂಜೆ ಅದು. ನಿನ್ನ ಮ್ಯಾಕ್ಡಾರಾ ಅಲ್ಲಿ ನೀರಲ್ಲಿ ಒಬ್ನೇ, ನಾವಿಲ್ಲಿ ಚಪ್ಪಾಳೆ… ನಿಂಗೆ ಎದೆ ನೋಯಲ್ವಾ? ನಿನಗೋಸ್ಕರ ಹೇಳ್ತಿದ್ದೀನಿ ಕಣೇ. ನನಗೇನು? ನನ್ನ ಹೆಸರು ಆ ರೆಕಾರ್ಡಿನಿಂದಲೇ ಅಲ್ವಾ! ಆ ಹಾಲ್ ಹಿಡೀತಿದ್ದದ್ದು ಇನ್ನೂರು ಜನ. ಅವತ್ತು ಅಲ್ಲಿದ್ದೆ ಅನ್ನೋರು ಈಗ ಎರಡು ಸಾವಿರ. ಆದ್ರೆ ಹಾಡ್ತಿದ್ದ ಕುರುಡ ಬಾರ್ಟ್ಲಿಯ ಕೈ ಹಿಡಿದವನು ಒಬ್ನೇ, ಈ ಫೆಸ್ಟಸ್!

ಮುದುಕ ವೇದಿಕೆ ಹತ್ತಲ್ಲ ಅಂದ. ಬಾಗಿಲ ಪಕ್ಕದ ಬೆಂಚು ಬಿಟ್ಟು ಏಳಲ್ಲ ಅಂದ. ಕೊನೆಗೆ ಮೈಕೇ ಅವನ ಹತ್ರ ಬಂತು. ಹಳೇ ಹಾಡು ಹಾಡೋನ ಕೈಯನ್ನ ಪಕ್ಕದವನು ಹಿಡೀಬೇಕು, ಬೀಸೋ ಕಲ್ಲು ತಿರುಗಿಸಿದ ಹಾಗೆ ಮೆಲ್ಲಗೆ ತಿರುಗಿಸ್ತಾ ಇರಬೇಕು. ಹಾಡು ಮುಗಿಯೋ ತನಕ ಬಿಡೋ ಹಾಗಿಲ್ಲ, ಬಾಯಿ ತೆಗೆಯೋ ಹಾಗಿಲ್ಲ. ನಿಮ್ಮಪ್ಪ ಹಾಡುವಾಗ ನೀನೇ ಹಿಡಿದಿಲ್ವಾ? ನಾನು ತಿರುಗಿಸಿದ ರಭಸಕ್ಕೆ ಆ ಹಾಡು ಮೂರು ಊರು ದಾಟ್ತು. ಅಲ್ಲಿ ಹಾಲು ಕರೀತಿದ್ದ ಹೆಂಗಸರು ಚೊಂಬು ಬಿಟ್ಟು ಎದ್ದು ನಿಂತ್ರಂತೆ, ಹಸುಗಳೂ…

ಏನದು? ರೆಕಾರ್ಡಿನ ರಟ್ಟಿನ ಹಿಂದೆ ಏನು ಓದ್ತಿದ್ದೀಯ?

ಗಟ್ಟಿಯಾಗಿ ಓದೇ. ನಂಗೆ ಅಕ್ಷರ ಬರಲ್ಲ ಅಂತ ಗೊತ್ತಲ್ಲ. ಮೂರು ದಿನ ಶಾಲೆಗೆ ಹೋದೆ, ನಾಲ್ಕನೇ ದಿನ ಮೇಷ್ಟ್ರ ಬೆತ್ತ ಮುರೀತು, ಬೇರೆ ಬೆತ್ತ ಇರಲಿಲ್ಲ, ನನ್ನ ಮನೆಗೆ ಕಳಿಸಿದ್ರು. ನಗಲ್ವಾ? ಇದಕ್ಕೆ ಯಾವಾಗ್ಲೂ ನಗ್ತಿದ್ದೆ ನೀನು.

ಸಬೀನಾ. ಯಾಕೆ ಹಾಗೆ ನೋಡ್ತೀಯ?

ಟೇಪಿನಲ್ಲಿ ಯಾರು ಯಾರು ಏನು ಅಂದ್ರು ಅಂತೆಲ್ಲ ಬರೆದಿರ್ತಾರಾ? ವಿನ್ನಿ ಹೆಸರಿದೆಯಾ? ಅಂಚೆ ಕಚೇರಿ ವಿನ್ನಿ ಕಣೇ, ಮೈಕಿನ ಪಕ್ಕದಲ್ಲೇ ನಿಂತಿದ್ಲು. ಅವಳಿಗೆ ಬಾಯಿ ಜಾಸ್ತಿ. "ಏನೋ ಫೆಸ್ಟಸ್, ಇಷ್ಟು ತೊಯ್ದಿದ್ದೀಯ" ಅಂದ್ಲು… ಅಂದಿರಬಹುದು. ಅಷ್ಟೇ ತಾನೆ? ಹೊರಗೆ ಮಳೆ… ಇಲ್ಲ, ಮಳೆ ಇರಲಿಲ್ಲ. ನಿಂಗೆ ನೆನಪಿದೆ, ನೀನೇ ಹೊರಗೆ ಬಟ್ಟೆ ಒಣಹಾಕಿದ್ದೆ. ಬೆವರು ಅಂತಿಟ್ಕೋ. ಬೆವರು! ತಲೆಯಿಂದ ಕಾಲತನಕ ಉಪ್ಪು ನೀರು, ಬೆವರಲ್ದೆ ಇನ್ನೇನು?

ಏನಾದ್ರೂ ಅನ್ನೇ! ಬೈಯಿ! ಆ ತಟ್ಟೆ ಎತ್ತಿ ಮುಖಕ್ಕೆ ಎಸಿ! ಹೀಗೆ ಸುಮ್ಮನೆ ಕೂತ್ರೆ ನಂಗೆ ಭಯ ಆಗತ್ತೆ. ನಲವತ್ತೆರಡು ವರ್ಷದಿಂದ ಇದೇ ಭಯ. ಅಂಗಡಿಯಲ್ಲಿ ಆ ರೆಕಾರ್ಡು ಹಾಕಿದಾಗೆಲ್ಲ, ಎಲ್ಲಿ ವಿನ್ನಿ ಮಾತು ಬರತ್ತೋ ಅಂತ. ಅದಕ್ಕೇ ಕಣೇ ನಾನು ಜೋರಾಗಿ ಮಾತಾಡ್ತಿದ್ದದ್ದು. ಹಾಡಿನ ಮೇಲೆ ಮಾತಾಡ್ತಾನೆ ಅಂತ ಬೈತಿದ್ರಲ್ಲ ಎಲ್ಲಾರೂ…

ಸರಿ. ಅವತ್ತು ಮ್ಯಾಕ್ಡಾರಾ ಒಬ್ನೇ ಹೋಗಿರಲಿಲ್ಲ.

ಸಮುದ್ರದಲ್ಲಿ ಏಡಿ ಹಿಡಿಯೋಕೆ ಇಳಿಬಿಟ್ಟಿದ್ದ ಬುಟ್ಟಿ ಎತ್ತೋಕೆ ಇಬ್ರೂ ಹೋಗಿದ್ವಿ. ಬೇಗ ಬಂದು ಹಾಡು ಕೇಳೋಣ ಅಂತ ನಾನೇ ಅವಸರ ಮಾಡಿದೆ. ಬಂಡೆ ಹತ್ರ ದೋಣಿ ಮಗುಚ್ತು. ಇಬ್ರೂ ಬಂಡೆ ಹತ್ತಿದ್ವಿ. ಅವನ ಕಾಲು ಮುರಿದಿತ್ತು. ಉಬ್ಬರ ಏರ್ತಿತ್ತು, ಆದ್ರೆ ನೀರಿನ್ನೂ ನನ್ನ ಎದೆಮಟ್ಟ, ನಡೆದು ದಾಟಬಹುದಿತ್ತು, ನಾನು ದಾಟಿದೆ. "ಹಾಲ್‌ನಲ್ಲಿ ಇಡೀ ಊರಿದೆ, ನಾಲ್ಕು ಜನರನ್ನ ಕರ್ಕೊಂಡು ಬಾರೋ" ಅಂದ. ನಗ್ತಾ ಅಂದ ಸಬೀನಾ! "ನೀನು ಅಲ್ಲೇ ಹಾಡು ಕೇಳ್ತಾ ಕೂರಬೇಡ ಮತ್ತೆ" ಅಂದ.

ಓಡಿದೆ. ಬಾಗಿಲು ತೆಗೆದೆ. ಬಾಯಿ ತೆಗೆಯೋಕೆ ಮುಂಚೆ ಕುರುಡ ಕೈ ಚಾಚಿ ನನ್ನ ಕೈ ಹಿಡ್ಕೊಂಡ. ಬಾಗಿಲ ಪಕ್ಕ ಯಾರು ಬಂದ್ರೂ ಹಿಡ್ಕೋತಿದ್ನೋ ಏನೋ. ಶುರುಮಾಡೇಬಿಟ್ಟ. ಇನ್ನೂರು ಜನ, ಉಸಿರಿಲ್ಲ. ಹಾಡಿನ ನಡುವೆ ಯಾರೂ ಬಾಯಿ ತೆಗೆದಿದ್ದು ನಾನು ಕಂಡಿಲ್ಲ, ನನ್ನಪ್ಪ ಕಂಡಿಲ್ಲ. ಒಂದು ನುಡಿ ಮುಗೀಲಿ ಅಂದ್ಕೊಂಡೆ. ಮುಗೀತು, ಎರಡನೇದು ಹಿಡಿದ. ಇದೇ ಕೊನೇದಿರಬೇಕು ಅಂದ್ಕೊಂಡೆ. ಏಳು ನುಡಿ ಇದ್ವು ಸಬೀನಾ. ಏಳು! ನನ್ನ ಕೈ ತಿರುಗ್ತಾನೇ ಇತ್ತು. ಆಮೇಲೆ ಚಪ್ಪಾಳೆ, ಯಾರೋ ಕೈಗೆ ಗ್ಲಾಸು ಕೊಟ್ರು, ಬೆನ್ನು ತಟ್ಟಿದ್ರು. ಎಲ್ಲಾರನ್ನೂ ತಳ್ಕೊಂಡು ದಡಕ್ಕೆ ಓಡಿದೆ. ಬಂಡೆ ಇರಲಿಲ್ಲ. ಬರೀ ನೀರು.

ಯಾರಿಗೆ ಹೇಳಲಿ? ಏನಂತ ಹೇಳಲಿ? ಹಾಡು ಮುಗೀಲಿ ಅಂತ ಕಾದೆ ಅಂತ ಹೇಳಲಾ?

ಜಾಸ್ತಿ ಹೊತ್ತೇನಲ್ಲ. ಎರಡು ನಿಮಿಷ. ಮೂರು ಅಂತಿಟ್ಕೋ. ಅಷ್ಟರಲ್ಲಿ ಸಮುದ್ರ ಏನು ಮಹಾ ಏರಿರತ್ತೆ? ಅವನ ಹಣೇಲಿ ಬರೆದಿತ್ತು ಅಷ್ಟೇ… ಈಗ ಆ ವಿನ್ನಿ ಹಲ್ಕಟ್ ಮಾತು ಎಲ್ಲಿ ಬರೆದಿದೆ ತೋರಿಸು. ತೋರಿಸೇ!

ಇದು… ಇದು ಒಂದು, ಎರಡು, ಮೂರು. ಅಂಕಿ ನಂಗೆ ಬರತ್ತೆ, ಉಬ್ಬರ ಇಳಿತದ ಪಟ್ಟಿ ನೋಡಿ ಕಲಿತದ್ದು. ಹತ್ತೊಂಬತ್ತು, ಇಪ್ಪತ್ತು… ಹಾಡುಗಳ ಪಟ್ಟಿನಾ? ಬರೀ ಹಾಡುಗಳಾ? ವಿನ್ನಿ… ಇಲ್ಲವೇ ಇಲ್ಲವಾ? ಹಾಗಾದ್ರೆ ನೀನು ಇಷ್ಟೊತ್ತು ಸುಮ್ಮನಿದ್ದದ್ದು…

ಬೆರಳು ಯಾಕೆ ಅಲ್ಲಿ ಇಟ್ಟಿದ್ದೀಯ? ಅದು ಬಾರ್ಟ್ಲಿ ಹಾಡಾ? ಅದರ ಮುಂದೆ… ಒಂಬತ್ತು. ಆಮೇಲೆ ನಲವತ್ತು.

ಒಂಬತ್ತು ನಿಮಿಷ, ನಲವತ್ತು ಸೆಕೆಂಡು…

ಸುಳ್ಳು ಕಣೇ. ತಪ್ಪು ಅಚ್ಚಾಗಿದೆ. ಅಷ್ಟು ಹೊತ್ತಿರಲಿಲ್ಲ. ಅಷ್ಟು ಹೊತ್ತಾಗಿದ್ರೆ ನಾನು… ಸಬೀನಾ? ಮುಳ್ಳು ಎತ್ತಬೇಡ, ಆ ಹಾಡು ಹಾಕಬೇಡ. ನಿನ್ನ ದಮ್ಮಯ್ಯ, ಅಳೆಯಬೇಡ ಆ ಹೊತ್ತನ್ನ. ಸಬೀನಾ!