ಒಂದೇ ಸಲ ಹಾಡಿದ್ದು

ಬಾಗಿಲು ಸ್ವಲ್ಪ ಮುಂದೆ ಮಾಡಿ ಕೂತ್ಕೊಳ್ಳಿ. ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು.

ಅವನು ಗಿಟಾರ್ ಬಾರಿಸ್ತಾನೆ, ಅದಕ್ಕೇ ಎಲ್ಲರಿಗೂ ಅವನು ತಂತಿ. ಅವತ್ತು ರಾತ್ರಿ ಕಾರ್ಯಕ್ರಮ ಮುಗಿಸಿ ಒಬ್ಬನೇ ಮನೆಗೆ ನಡ್ಕೊಂಡು ಬರ್ತಿದ್ದ. ಬೀದಿ ತಿರುವಲ್ಲಿ ಒಂದು ಹಳೇ ಬಾವಿ. ನೀರು ಬತ್ತಿ ಎಷ್ಟೋ ಕಾಲ ಆಗಿ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ರು. ಅದರ ಹತ್ರ ಬಂದಾಗ... ಕೆಮ್ಮು.

ಜೋರಾಗೇನಲ್ಲ. ಖೊಕ್... ಖೊಕ್... ಗಂಟಲಲ್ಲಿ ತರಗೆಲೆ ಸಿಕ್ಕಿಕೊಂಡ ಹಾಗೆ.

ಇವನು ನಿಂತ. ಅದೂ ನಿಂತಿತು. ಹೆಜ್ಜೆ ಎತ್ತಿಟ್ಟ. ಖೊಕ್.

"ಯಾರದು?"

"ಅಣ್ಣಾ..."

ಹಾಗೆ ಎಳೆದು ಅವನನ್ನ ಕರೀತಿದ್ದವಳು ಒಬ್ಬಳೇ. ಅವನ ತಂಗಿ. ಅವಳನ್ನ ಮಣ್ಣು ಮಾಡಿ ವರ್ಷ ಕಳೆದಿತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ಅಣ್ಣ, ತಂಗಿ, ಡ್ರಮ್ಸ್ ಬಾರಿಸೋ ಒಬ್ಬ ಗೆಳೆಯ, ಮೂವರೂ ಸೇರಿ ಬ್ಯಾಂಡ್ ಕಟ್ಟಿದ್ರು. ಗೆಳೆಯನ ಅಡ್ಡಹೆಸರು ಗುಡುಗು. ಅವರು ಹಾಡ್ತಿದ್ದಿದ್ದು ಅದೇನೋ ಆಲ್ಟರ್ನೇಟಿವ್ ರಾಕ್ ಅಂತೆ. ಮನೆ ಹಿಂದಿನ ತಗಡಿನ ಶೆಡ್ಡೇ ಸ್ಟುಡಿಯೋ. ಸದ್ದು ಅಡಗಲಿ ಅಂತ ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿ, ಡ್ರಮ್ಮಿನ ಹೊಟ್ಟೆಗೆ ತಲೆದಿಂಬು ತುರುಕಿದ್ರು. ದೊಡ್ಡಮ್ಮ ಬೈಯೋಳು: "ಡಬ್ಬದೊಳಗೆ ಕಲ್ಲು ಹಾಕಿ ಕುಲುಕಿದ ಹಾಗಿದೆ. ಇದಕ್ಕೂ ಹಾಡು ಅಂತಾರಾ?" ಬೈತಾ ಬೈತಾನೇ ಕಾಲಲ್ಲಿ ತಾಳ ಹಾಕೋಳು.

ಒಂದು ಹಾಡು ಕೂಡಿ ಬಂತು. ಗಿಟಾರ್ ಘೊರ್ರ್ ಅಂತ ಮೊರೆದು, ಡ್ರಮ್ಮು ಧಡಧಡ ಬಿದ್ದು, ಇದ್ದಕ್ಕಿದ್ದ ಹಾಗೆ ಎಲ್ಲಾ ನಿಂತುಬಿಡುತ್ತೆ. ಆ ಮೌನದಲ್ಲಿ ತಂಗಿ ಒಬ್ಬಳೇ... "ಬಾಗಿಲು ಹಾಕ್ಬೇಡ, ಬರ್ತಾ ಇದ್ದೀನಿ..." ಅಷ್ಟೇ ಅವಳ ಸಾಲು.

ಅದನ್ನ ರೆಕಾರ್ಡ್ ಮಾಡೋ ದಿನ ಅವಳಿಗೆ ನೆಗಡಿ. "ಸುಮ್ನೆ ಅಳತೆಗೆ ಒಂದೇ ಒಂದ್ಸಲ ಹಾಡಿಬಿಡು, ಆಮೇಲೆ ಸರಿಯಾಗಿ ತಗೊಳ್ಳೋಣ" ಅಂದ ಅಣ್ಣ. ಹಾಡಿದಳು. ಆ "ಆಮೇಲೆ" ಬರ್ಲೇ ಇಲ್ಲ. ನೆಗಡಿ ಜ್ವರ ಆಯ್ತು, ಜ್ವರ ಎದೆಗಿಳೀತು. ಆಸ್ಪತ್ರೆಯಿಂದ ಅವಳನ್ನ ಕರ್ಕೊಂಡು ಬರ್ಲಿಲ್ಲ, ಹೊತ್ಕೊಂಡು ಬಂದ್ರು.

ಬೇರೆ ಯಾರ ಹತ್ರಾನಾದ್ರೂ ಹಾಡಿಸು ಅಂದ್ರು. ತಂತಿ ಒಪ್ಪಲಿಲ್ಲ. ಅಳತೆಗೆ ಹಾಡಿದ್ದನ್ನೇ ಇಟ್ಟು ಹಾಡು ಮುಗಿಸಿದ. ಹೊರಗೆ ಬಿಟ್ಟಿದ್ದೇ ತಡ, ಕಾಡ್ಗಿಚ್ಚಿನ ಹಾಗೆ ಹಬ್ಬಿತು. ರೇಡಿಯೋದಲ್ಲಿ ಅದೇ, ಬಸ್ಸಲ್ಲಿ ಅದೇ, ಕ್ಷೌರದಂಗಡೀಲೂ ಅದೇ. ಕಾರ್ಯಕ್ರಮದಲ್ಲಿ ಆ ಮೌನ ಬಂದಾಗ ರೆಕಾರ್ಡಿನಿಂದ ಅವಳ ಧ್ವನಿ ಹಾಕೋರು. ಸಾವಿರಾರು ಜನ ಉಸಿರು ಬಿಗಿಹಿಡಿದು ನಿಲ್ಲೋರು. ತಂತಿಗೆ ಅದೊಂದು ಸಮಾಧಾನ. ನನ್ನ ತಂಗಿ ಎಲ್ಲಿಗೂ ಹೋಗಿಲ್ಲ, ಊರೂರಲ್ಲಿ ಹಾಡ್ತಿದ್ದಾಳೆ ಅಂತ.

ಹಾಡ್ತಿದ್ದಳು. ನಿಜವಾಗ್ಲೂ ಹಾಡ್ತಿದ್ದಳು...

"ಅಣ್ಣಾ... ಗಂಟಲು ಹೋಗಿದೆ ಕಣೋ."

ಜಾಲರಿಯ ಕೆಳಗಿಂದ ಬಂತು. ಬಗ್ಗಿ ನೋಡೋಕೆ ಅವನಿಗೆ ಧೈರ್ಯ ಸಾಲಲಿಲ್ಲ.

"ಏನಾಯ್ತೇ ನಿಂಗೆ?"

"ಅವರು ಹಾಕಿದಾಗಲೆಲ್ಲ ನಾನು ಹೋಗಿ ಹಾಡ್ಬೇಕು. ಬಸ್ಸಿಗೆ ಓಡ್ಬೇಕು, ಅಂಗಡಿಗೆ ಓಡ್ಬೇಕು. ಯಾವಳೋ ಒಬ್ಬಳು ರಾತ್ರಿಯೆಲ್ಲಾ ಅಳ್ತಾ ಅದನ್ನೇ ಹಾಕ್ತಾಳೆ. ಅವಳು ಮಲಗೋವರೆಗೂ ನಂಗೆ ಕೂರೋ ಹಾಗಿಲ್ಲ." ಖೊಕ್... ಖೊಕ್... "ಒಂದೇ ಸಲ ಅಂತ ನೀನೇ ಅಂದಿದ್ದೆ ಅಲ್ವಾ ಅಣ್ಣಾ?"

ಅಷ್ಟರಲ್ಲಿ ಆಚೆ ರಸ್ತೇಲಿ ಒಂದು ಕಾರು ಹೋಯ್ತು. ಒಳಗೆ ಅದೇ ಹಾಡು. ಘೊರ್ರ್... ಧಡಧಡ...

"ಬಂದೆ" ಅಂದಳು, ಯಾರೋ ಕರೆದ ಹಾಗೆ. ಕೆಳಗೆ ಸರಸರ ಸದ್ದು. ಆಮೇಲೆ ಏನೂ ಇಲ್ಲ.

ಮನೆಗೆ ಬಂದವನೇ ಕಿವಿಗೆ ಹೆಡ್‌ಫೋನ್ ಸಿಗಿಸಿ ಹಾಡು ಕೇಳಿದ. ಅವಳ ಧ್ವನಿ ಬಿರುಕು ಬಿಟ್ಟಿತ್ತು. ಸಾಲಿನ ಕೊನೇಲಿ ಒಂದು ಸಣ್ಣ ಕೆಮ್ಮು. ಹಿಂದೆಂದೂ ಇರದಿದ್ದ ಕೆಮ್ಮು. ತನ್ನ ಭ್ರಮೆ ಇರಬಹುದು ಅಂದ್ಕೊಂಡ. ಬೆಳಗ್ಗೆ ನೋಡಿದ್ರೆ ಗುಡುಗೇ ಫೋನ್ ಹಿಡ್ಕೊಂಡು ಬಂದ. "ನೋಡೋ, ಕೇಳುಗರು ಬರೆದಿದ್ದಾರೆ. ಈಗೀಗ ಆ ಧ್ವನಿ ಒಡೆದು ಇನ್ನೂ ಕರುಳು ಹಿಂಡುತ್ತಂತೆ." ಕರುಳು ಹಿಂಡಿದಷ್ಟೂ ಜನ ಜಾಸ್ತಿ ಹಾಕ್ತಿದ್ರು.

ಹಾಡು ವಾಪಸ್ ತಗೊಳ್ಳಿ ಅಂತ ತಂತಿ ಅದನ್ನ ಹೊರತಂದ ಕಂಪನಿಯವರಿಗೆ ಗೋಗರೆದ. "ಓಡೋ ಕುದುರೇನ ಯಾರಾದ್ರೂ ಕಟ್ಟಿಹಾಕ್ತಾರಾ?" ಅಂತ ನಕ್ಕುಬಿಟ್ರು.

ಇನ್ನು ಉಳಿದಿದ್ದು ಮನೆ. ದೊಡ್ಡಮ್ಮ ದಿನಾ ಬೆಳಗ್ಗೆ ಒಲೆ ಹತ್ತಿಸಿದ ಕೂಡಲೇ ಡಬ್ಬಿಗೆ ಫೋನ್ ಆನಿಸಿಟ್ಟು ಆ ಹಾಡು ಹಾಕ್ತಿದ್ದಳು. ಅವತ್ತು ಹಾಕೋಕೆ ಹೋದಾಗ ತಂತಿ ಅವಳ ಕೈ ಹಿಡ್ಕೊಂಡ.

"ಬೇಡಮ್ಮಾ."

"ಯಾಕೋ? ನನ್ನ ಮಗಳ ಧ್ವನಿ ನಾನು ಕೇಳ್ಬಾರ್ದಾ?"

ಅವನು ಬಾವಿ ಹತ್ರ ಆಗಿದ್ದನ್ನೆಲ್ಲ ಹೇಳಿದ. ಹುಚ್ಚು ಅಂತಾಳೆ ಅಂದ್ಕೊಂಡಿದ್ದ. ದೊಡ್ಡಮ್ಮ ಒಲೆ ಆರಿಸಿದಳು. ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

"ನಂಗೂ ಅನ್ನಿಸಿತ್ತು ಕಣೋ... ಇವಳಿಗೆ ಯಾಕೋ ಹುಷಾರಿಲ್ಲ ಅಂತ." ಫೋನ್ ಕಡೆ ನೋಡಿದಳು. "ಹಾಗಾದ್ರೆ ದಿನಾ ಬೆಳಗ್ಗೆ ನಾನೂ ಅವಳನ್ನ ಎಬ್ಬಿಸ್ತಿದ್ದೆನಾ?"

ತಂತಿ ಆ ಫೋನ್ ತೆಗೆದು ಮಗುಚಿಟ್ಟ.

"ಅವಳ ಸಾಲು ನೀನೇ ಹಾಡು" ಅಂದಳು ದೊಡ್ಡಮ್ಮ. "ಅವಳು ಮಲಗ್ಲಿ."

"ಅವಳು ಹಾಡಿದ್ದನ್ನ ಅಳಿಸಿದ್ರೆ ಅವಳ ಧ್ವನಿ ಇನ್ನೆಲ್ಲೂ ಇಲ್ಲಮ್ಮಾ."

"ಗೊತ್ತು."

ಆವತ್ತೇ ಶೆಡ್ಡಲ್ಲಿ ಕೂತ್ರು. ತಂತಿ ಎಷ್ಟು ಸಲ ಬಾಯಿ ತೆಗೆದ್ರೂ "ಬರ್ತಾ ಇದ್ದೀನಿ" ಅನ್ನೋ ಹೊತ್ತಿಗೆ ನಿಲ್ಲಿಸಿಬಿಡೋನು, ಮತ್ತೆ ಮೊದಲಿಂದ ಶುರು ಮಾಡೋನು. ಕೊನೆಗೂ ಹಾಡಿದ. ಅವಳ ಧ್ವನಿ ಅಳಿಸೋಕೆ ಗುಡುಗಿನ ಬೆರಳು ಏಳಲಿಲ್ಲ. ದೊಡ್ಡಮ್ಮನೇ ಎದ್ದು ಬಂದು ಒತ್ತಿದಳು.

ಟಕ್.

ಹೊಸ ಹಾಡನ್ನ ನಾಳೆ ಕಂಪನಿಗೆ ಕಳಿಸೋಣ, ತೆಗೆಯೋಕೆ ಒಪ್ಪದಿದ್ರೂ ಹಳೇದರ ಜಾಗದಲ್ಲಿ ಇದನ್ನ ಹಾಕಿಯಾರು ಅಂತ ಶೆಡ್ಡಿಗೆ ಬೀಗ ಹಾಕಿದ್ರು.

ಬೆಳಗ್ಗೆ ಮನೆ ಮುಂದೆ ಬಸ್ಸೊಂದು ಬಂದು ನಿಂತಿತು. ಒಳಗೆ ಅದೇ ಹಾಡು. ತಾಯಿ, ಮಗ, ಗುಡುಗು, ಮೂವರೂ ಬಾಗಿಲಲ್ಲಿ ನಿಂತುಬಿಟ್ರು. ಗಿಟಾರ್ ನಿಂತಿತು. ಡ್ರಮ್ಮು ನಿಂತಿತು. ಆ ಮೌನ ಬಂತು...

ಹಾಡಿದ್ದು ತಂತಿಯ ಧ್ವನಿ.

ದೊಡ್ಡಮ್ಮ ಫೋನಲ್ಲಿ ಹಾಕಿ ನೋಡಿದಳು. ಮಗನೇ. ಗುಡುಗು ಓಡಿಹೋಗಿ ಕಪಾಟಿನಲ್ಲಿ ಮೂಲೆಗೆ ಬಿದ್ದಿದ್ದ ತನ್ನ ಹಳೇ ಫೋನ್ ತಂದ, ಮೊದಲ ಹಾಡನ್ನ ಅದರಲ್ಲಿ ಉಳಿಸಿಟ್ಟಿದ್ದ. ಅದರಲ್ಲೂ ಮಗನೇ. ಕೆಮ್ಮು ಎಲ್ಲೂ ಇಲ್ಲ. ಅವಳೂ ಇಲ್ಲ. ಈಗ ಅವಳು ಹೇಗೆ ಹಾಡ್ತಿದ್ದಳು ಅಂತ ಯಾರಾದ್ರೂ ಕೇಳಿದ್ರೆ ತಂತಿ ಹಾಡಿ ತೋರಿಸೋಕೆ ಬಾಯಿ ತೆಗೀತಾನೆ... ಹಾಗೇ ಮುಚ್ಕೋತಾನೆ.

ಕಟ್ಟುಕತೆ ಅಂತೀರಾ? ದೊಡ್ಡಮ್ಮನ ಎದುರು ನಿಂತು ಅನ್ನಿ ನೋಡೋಣ. ಆ ಹೊಸ ಹಾಡನ್ನ ಆಗಿನ್ನೂ ಯಾರಿಗೂ ಕಳಿಸೇ ಇರಲಿಲ್ಲ. ಅದು ಶೆಡ್ಡೊಳಗೇ ಇತ್ತು. ಬೀಗದ ಕೈ ಗುಡುಗಿನ ಜೇಬಲ್ಲಿತ್ತು.